ಅಕ್ವಾಮರೀನ್: ಕಬ್ಬಿಣ ಕೊಟ್ಟ ನೀಲಿ

ಪಚ್ಚೆಯೂ ಅಕ್ವಾಮರೀನೂ ಒಡಹುಟ್ಟುಗಳು. ಎರಡೂ ಬೆರಿಲ್ ಎಂಬ ಖನಿಜವೇ. ಬೆರಿಲ್ಲಿಗೆ ಸ್ವಂತ ಬಣ್ಣವಿಲ್ಲ. ತುಸು ಕ್ರೋಮಿಯಂ ಅಥವಾ ವೆನೇಡಿಯಂ ಸೇರಿದರೆ ಪಚ್ಚೆ, ಕಬ್ಬಿಣ ಸೇರಿದರೆ ಅಕ್ವಾಮರೀನ್. ಈ ಕಬ್ಬಿಣದಲ್ಲೂ ಎರಡು ಬಗೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು ನೀಲಿ ತರುತ್ತದೆ, ಮೂರು ಕಳೆದುಕೊಂಡದ್ದು ಹಳದಿ. ಎರಡೂ ಒಟ್ಟಿಗಿದ್ದರೆ ಹಸಿರು ಮಿಶ್ರಿತ ನೀಲಿ ಕಾಣುತ್ತದೆ.

ಹಿಂದಿನವರು ಮೆಚ್ಚಿದ್ದು ಆ ಹಸಿರನ್ನೇ. ತಿಳಿಯಾದ ಸಮುದ್ರದ ಹಸಿರನ್ನು ಹೋಲುವ ಬೆರಿಲ್ಲೇ ಶ್ರೇಷ್ಠ ಎಂದು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ನಾವಿಕರನ್ನು ಕಡಲಿನ ಅಪಾಯದಿಂದ ಕಾಯುವ ಹರಳು ಎಂಬ ನಂಬಿಕೆಯೂ ಇದಕ್ಕೆ ಅಂಟಿಕೊಂಡಿತು. ಇಂದಿನ ಮಾರುಕಟ್ಟೆಗೆ ಬೇಕಿರುವುದು ಅಪ್ಪಟ ನೀಲಿ. ಹಾಗಾಗಿ ಹಸಿರು ಛಾಯೆಯ ಹರಳುಗಳನ್ನು ಸುಮಾರು 400ರಿಂದ 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಹಳದಿಗೆ ಕಾರಣವಾದ ಕಬ್ಬಿಣ ರೂಪ ಬದಲಿಸುತ್ತದೆ, ನೀಲಿ ಉಳಿಯುತ್ತದೆ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಹೀಗೆ ಬಂದ ಬಣ್ಣ ಶಾಶ್ವತ. ಆದರೂ ಮಾರುವವರು ಮುಚ್ಚಿಡದೆ ಹೇಳಬೇಕು. ನಿಜಕ್ಕೂ ಕೈಕೊಡುವುದು ಮಶೀಶಿ (Maxixe) ಎಂಬ ಇನ್ನೊಂದು ಬಗೆಯ ಬೆರಿಲ್. ವಿಕಿರಣದಿಂದ ಬಂದ ಅದರ ಕಡುನೀಲಿ ಬೆಳಕಿಗೆ ಮಾಸಿಹೋಗುತ್ತದೆ.

ಪಚ್ಚೆಯಲ್ಲಿ ದೊಡ್ಡ, ಕಲೆಯಿಲ್ಲದ ಹರಳು ಅಪರೂಪ. ಅಕ್ವಾಮರೀನಿನ ವಿಷಯವೇ ಬೇರೆ. 1910ರಲ್ಲಿ ಬ್ರೆಜಿಲ್‌ನ ಮಿನಾಸ್ ಜೆರೈಸ್ ಪ್ರಾಂತ್ಯದಲ್ಲಿ ಸುಮಾರು 110 ಕಿಲೋ ತೂಕದ ಹರಳೊಂದು ಸಿಕ್ಕಿತ್ತು. ಅದೇ ಪ್ರಾಂತ್ಯದಿಂದ ಬಂದ ‘ಡೊಮ್ ಪೆಡ್ರೊ’ ಎಂಬ ಅಕ್ವಾಮರೀನ್ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಜರ್ಮನಿಯ ಕುಶಲಕರ್ಮಿ ಬರ್ನ್ಡ್ ಮುನ್‌ಸ್ಟೈನರ್ ಕೊರೆದ ಈ ಸ್ತಂಭ 10,363 ಕ್ಯಾರಟ್, ಅಂದರೆ ಎರಡು ಕಿಲೋಗೂ ಮಿಗಿಲು! ಬೆಲೆಯನ್ನು ಗಾತ್ರಕ್ಕಿಂತ ಹೆಚ್ಚಾಗಿ ಬಣ್ಣವೇ ನಿರ್ಧರಿಸುತ್ತದೆ. ಒಂದೇ ಹರಳು ಒಂದು ದಿಕ್ಕಿನಿಂದ ಗಾಢವಾಗಿ, ಇನ್ನೊಂದರಿಂದ ಪೇಲವವಾಗಿ ಕಾಣುವುದರಿಂದ ಯಾವ ದಿಕ್ಕಿಗೆ ಕೊರೆಯಬೇಕೆಂಬುದರಲ್ಲೇ ಕುಶಲಕರ್ಮಿಯ ಜಾಣ್ಮೆ ಇದೆ.

ಅಗ್ಗದ ನೀಲಿ ಟೋಪಾಜ್ ಇದರ ವೇಷ ಹಾಕುವುದುಂಟು. ಕಣ್ಣಿಗೆ ತಿಳಿಯದ ವ್ಯತ್ಯಾಸ ಸಾಂದ್ರತೆಯಲ್ಲಿ ಬಯಲಾಗುತ್ತದೆ: ಟೋಪಾಜ್ ನೀರಿಗಿಂತ ಸುಮಾರು 3.5 ಪಟ್ಟು ಭಾರ, ಅಕ್ವಾಮರೀನ್ 2.7 ಪಟ್ಟು.

ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅಕ್ವಾಮರೀನ್ 7.5ರಿಂದ 8. ದಿನವೂ ಧರಿಸಬಹುದು, ಆದರೆ ಗಟ್ಟಿ ಪೆಟ್ಟು ಬಿದ್ದರೆ ಅಂಚು ಮುಕ್ಕಾದೀತು. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಇದ್ದರೆ ತೊಳೆಯಲು ಸಾಕು. ಒಳಗೆ ಬಿರುಕು ಅಥವಾ ದ್ರವದ ಗುಳ್ಳೆಗಳಿರುವ ಹರಳನ್ನು ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಬಾರದು, ಹಬೆಗೂ ಒಡ್ಡಬಾರದು. ವಜ್ರ, ನೀಲಮಣಿಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಬೀಳುವುದು ಇದರ ಮೇಲೆಯೇ.