ಸ್ಯಾಕ್ಸೋಫೋನಿನ ಅರ್ಧ ಕೆಲಸ ಬಾಯೊಳಗೆ

ಡೊಂಬಿವಲಿಯ ಕನ್ನಡ ಮನೆಯೊಂದರ ಯುವ ಸ್ಯಾಕ್ಸೋಫೋನ್ ವಾದಕಿಯೊಬ್ಬರು ತಮ್ಮ ಮೊದಲ ಆಲ್ಬಂ ತಂದಿದ್ದಾರೆ. ಅರ್ಧ ಮೆತ್ತನೆಯ ಸ್ಮೂತ್ ಜಾಝ್, ಅರ್ಧ ತಾಳಕ್ಕೆ ಒತ್ತು ಕೊಡುವ ಫಂಕ್. ಮೊದಲ ಟ್ರ್ಯಾಕಿನಲ್ಲಿ ದನಿ ಮೆತ್ತಗೆ, ಉಸಿರು ಬೆರೆತು ಬರುತ್ತದೆ. ಎರಡನೆಯದರಲ್ಲಿ ಒರಟು, ಚುರುಕು, ತುಂಡು ತುಂಡು. ವಾದ್ಯ ಬದಲಾಯಿಸಿದ್ದಾರೆ ಅಂತ ಅನ್ನಿಸುತ್ತೆ, ಅಲ್ವಾ? ಇಲ್ಲ, ಎರಡರಲ್ಲೂ ಅದೇ ಆಲ್ಟೋ ಸ್ಯಾಕ್ಸೋಫೋನ್. ಬದಲಾದದ್ದು ತುಟಿ, ನಾಲಿಗೆ, ಗಂಟಲು.

ಮೈಯೆಲ್ಲ ಹಿತ್ತಾಳೆಯಾದರೂ ಸ್ಯಾಕ್ಸೋಫೋನ್ ಸೇರುವುದು ಕ್ಲಾರಿನೆಟ್ ಇರುವ ಗುಂಪಿಗೆ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯದಲ್ಲಿ ಸದ್ದು ಹುಟ್ಟಿಸುವುದು ರೀಡ್, ಅಂದರೆ ಜೊಂಡಿನಂಥ ಗಿಡದ ಕಾಂಡದಿಂದ ಸೀಳಿ ತೆಗೆದ ತೆಳ್ಳನೆ ಪಟ್ಟಿ. ಊದಿದಾಗ ಅದು ಮೌತ್‌ಪೀಸಿನ ಬಾಯನ್ನು ತೆರೆದು ಮುಚ್ಚುತ್ತಾ ಇರುತ್ತದೆ. 440 ಹರ್ಟ್ಸ್ ಸ್ವರ ಬೇಕಿದ್ದರೆ ಸೆಕೆಂಡಿಗೆ 440 ಸಲ.

ಎಲ್ಲ ಗುಟ್ಟೂ ಈ ತೆರೆದು ಮುಚ್ಚುವ ರೀತಿಯಲ್ಲಿದೆ. ಹಗುರವಾಗಿ ಊದಿದರೆ ರೀಡ್ ಪೂರ್ತಿ ಮುಚ್ಚುವುದೇ ಇಲ್ಲ, ಸುಮ್ನೆ ಅಲುಗುತ್ತದೆ, ಆಗ ಅಲೆ ನುಣುಪಾಗಿರುತ್ತದೆ, ಮೂಲ ಸ್ವರದ ಜೊತೆ ಬರುವ ಎತ್ತರದ ಉಪಸ್ವರಗಳು ಕಮ್ಮಿ. ಕೆಳದವಡೆ ಸಡಿಲ ಬಿಟ್ಟು ತುಟಿಯನ್ನು ರೀಡಿಗೆ ಜಾಸ್ತಿ ತಾಗಿಸಿದರೆ ಆ ಉಪಸ್ವರಗಳು ಇನ್ನೂ ಅಡಗುತ್ತವೆ. ವಾದಕರು ಇದನ್ನು ಸಬ್‌ಟೋನ್ ಅನ್ನುತ್ತಾರೆ. ಸ್ಮೂತ್ ಜಾಝ್‌ನ ಮೆತ್ತನೆಯ ಕೆಳಸ್ವರಗಳು ಬಹಳಷ್ಟು ಸಲ ಇದೇ. ಮೈಕ್ ಹತ್ತಿರ ಇಟ್ಟರೆ ಉಸಿರಿನ ಸದ್ದೂ ಸಿಗುತ್ತದೆ.

ಜೋರಾಗಿ ಊದಿದರೆ ಕಥೆ ಬೇರೆ. ರೀಡ್ ಪ್ರತಿ ಸುತ್ತಿನಲ್ಲೂ ಪೂರ್ತಿ ಮುಚ್ಚಿಕೊಳ್ಳುತ್ತದೆ, ಗಾಳಿ ತಟ್ಟನೆ ನಿಂತು ತಟ್ಟನೆ ಹೊರಡುತ್ತದೆ, ಅಲೆಗೆ ಚೂಪು ಮೂಲೆಗಳು ಬರುತ್ತವೆ. ಚೂಪು ಮೂಲೆ ಅಂದರೆ ಎತ್ತರದ ಉಪಸ್ವರಗಳ ದಂಡು. ಫಂಕ್‌ನ ಹೊಳಪು ಅದೇ. ಅದರ ಮೇಲೆ ನಾಲಿಗೆ. ರೀಡಿಗೆ ನಾಲಿಗೆ ತಾಗಿಸಿ ಗಾಳಿಯ ಒತ್ತಡ ಏರಿಸಿಕೊಂಡು, ಆಮೇಲೆ ಸರಕ್ಕನೆ ತೆಗೆದರೆ ಸ್ವರ ಮೊದಲ ಕ್ಷಣದಿಂದಲೇ ಪೂರ್ತಿ ಬಲದಲ್ಲಿ ಬರುತ್ತದೆ. ಒರಟುತನ ಬೇಕಿದ್ದರೆ ಊದುತ್ತಲೇ ಗಂಟಲಲ್ಲಿ ಗುನುಗುತ್ತಾರೆ. ಎರಡು ಕಂಪನ ಬೆರೆತು ಗುರುಗುಟ್ಟುವ ದನಿಯಾಗುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಗಂಟಲಿನದು. 2008ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಮೂವರು ವಿಜ್ಞಾನಿಗಳು, ವಾದಕರು ನುಡಿಸುತ್ತಿರುವಾಗಲೇ ಅವರ ಬಾಯಿ ಮತ್ತು ಗಂಟಲಿನ ಅನುರಣನವನ್ನು, ಅಂದರೆ ಒಳಗಿನ ಗಾಳಿ ಯಾವ ಸ್ವರಕ್ಕೆ ಹೆಚ್ಚು ಸ್ಪಂದಿಸುತ್ತದೆ ಅನ್ನುವುದನ್ನು, ಅಳೆದರು. ವಾದ್ಯದ ಮಾಮೂಲಿ ಎಲ್ಲೆ ದಾಟಿದ ಅತಿ ಎತ್ತರದ ಸ್ವರಗಳಲ್ಲಿ ಅನುಭವಿಗಳು ಗಂಟಲನ್ನೇ ಆ ಸ್ವರಕ್ಕೆ ಶ್ರುತಿ ಮಾಡಿಕೊಳ್ಳುತ್ತಿದ್ದರು. ಹಾಗೆ ಮಾಡಲಾಗದ ಹೊಸಬರಿಗೆ ಆ ಸ್ವರಗಳೇ ಬರಲಿಲ್ಲ. ಬೆರಳು ಎಷ್ಟು ಸರಿಯಾಗಿದ್ದರೂ ಸಾಲದು!

ಮುಂಬೈಯ ನಮ್ಮ ಕರಾವಳಿ ಕಡೆಯವರಿಗೆ ಸ್ಯಾಕ್ಸೋಫೋನ್ ಮದುವೆ ಮನೆಯ ವಾದ್ಯವೂ ಹೌದು. ಬಂಟ್ವಾಳ ತಾಲೂಕಿನ ಕದ್ರಿ ಗೋಪಾಲನಾಥ್ ಅದರಲ್ಲಿ ಕರ್ನಾಟಕ ಸಂಗೀತದ ಗಮಕ ನುಡಿಸಿ ತೋರಿಸಿದವರು. 1980ರಲ್ಲಿ ಇದೇ ಮುಂಬೈಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ಜೊತೆಗೆ ನುಡಿಸುವ ಆಸೆ ಹೇಳಿಕೊಂಡರು. ಸ್ವರವನ್ನು ಬಗ್ಗಿಸುವುದು ಜಾಝ್‌ನಲ್ಲೂ ಇದೆ, ಗಮಕದಲ್ಲೂ ಇದೆ. ಅದಕ್ಕೂ ತುಟಿಯ ಜೊತೆ ಗಂಟಲು ಕೆಲಸ ಮಾಡುತ್ತದೆ.

ಡೊಂಬಿವಲಿಯ ಈ ಆಲ್ಬಂನ ನಾಲ್ಕನೇ ಟ್ರ್ಯಾಕಿನಲ್ಲಿ ಫಂಕ್ ತಾಳದ ಮೇಲೆ ಒಂದು ಉದ್ದ ಸ್ವರ ಜಾರಿ ಕೆಳಗಿಳಿಯುತ್ತದೆ. ಅದನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಜಾರುವಾಗ ಸ್ವರದ ಎತ್ತರದ ಜೊತೆ ದನಿಯ ಬಣ್ಣವೂ ಬದಲಾಗುವುದು ಆಗ ಸ್ಪಷ್ಟವಾಗಿ ಕೇಳುತ್ತದೆ.