ಬೈಲಾ ಬರೆಯುವ ಮುನ್ನ ಕೂತು ಮಾತಾಡಿ

"ಟ್ರಸ್ಟ್ ಮಾಡ್ಸೋದಾ ಸರ್, ಸಂಘ ಮಾಡ್ಸೋದಾ? ಯಾವುದು ಬೇಗ ಆಗುತ್ತೆ?" ಹಾಸನದ ನಮ್ಮ ಆಫೀಸಿಗೆ ಬರುವ ಹೆಚ್ಚಿನವರು ಮೊದಲು ಕೇಳುವುದು ಇದನ್ನೇ. ಬರುವವರೆಲ್ಲ ಒಳ್ಳೆಯ ಕೆಲಸವೊಂದನ್ನು ಮನಸ್ಸಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಅರಸೀಕೆರೆ ಕಡೆಯವರಿಗೆ ಊರ ಕೆರೆಯ ಹೂಳೆತ್ತಬೇಕು. ಬೇಲೂರು ಕಡೆಯ ಹುಡುಗರಿಗೆ ಹೊಲದಂಚಿನಲ್ಲಿ ಬಿದ್ದಿರುವ ವೀರಗಲ್ಲುಗಳನ್ನು ಉಳಿಸಿಕೊಳ್ಳಬೇಕು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ಹಳೆಯ ವಿದ್ಯಾರ್ಥಿಗಳಿಗೆ ತಾವು ಓದಿದ ಸರ್ಕಾರಿ ಶಾಲೆ ಮುಚ್ಚಿಹೋಗಬಾರದು. ಜೇಬಿನಲ್ಲಿ ಆಧಾರ್ ಜೆರಾಕ್ಸ್, ಕೈಯಲ್ಲಿ ಬೇರೆ ಯಾವುದೋ ಸಂಘದ ಬೈಲಾ, ಅಂದರೆ ಸಂಘ ನಡೆಸುವ ನಿಯಮಗಳ ಪಟ್ಟಿ, ಇರುತ್ತದೆ. "ಇದರಲ್ಲೇ ಹೆಸರು, ವಿಳಾಸ ಬದಲಾಯಿಸಿ ಕೊಡಿ ಸರ್, ಸಾಕು" ಅನ್ನುತ್ತಾರೆ.

ನಾನು ಹಾಗೆ ಮಾಡಿಕೊಡುವುದಿಲ್ಲ. ಮುಂದೆ ಜಗಳವಾದಾಗ, ಅಧ್ಯಕ್ಷರು ತೀರಿಕೊಂಡಾಗ, ಯಾರೋ ಪುಣ್ಯಾತ್ಮರು ಸೈಟು ದಾನ ಕೊಡಲು ಬಂದಾಗ, ತೆರಿಗೆ ಇಲಾಖೆಯ ನೋಟಿಸ್ ಬಂದಾಗ ಎಲ್ಲರೂ ತೆರೆದು ನೋಡುವುದು ಆ ಬೈಲಾವನ್ನೇ. ನೋಂದಣಿ ಪತ್ರ ಸಿಗುವುದು ಕಷ್ಟವಲ್ಲ. ಅದಕ್ಕೆ ಮೊದಲು ಜನ ಒಂದೆಡೆ ಕೂತು ಮಾತಾಡಿ ಮುಗಿಸಬೇಕಾದ ಕೆಲವು ಸಂಗತಿಗಳಿವೆ. ಅವನ್ನು ಮುಂದೂಡಿದವರು ಆಮೇಲೆ ಪಡುವ ಪಾಡನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ಸಂಸ್ಥೆಯ ಸ್ವರೂಪ. ನಮ್ಮಲ್ಲಿ ದಾರಿ ಮೂರು. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಬಳಿ ಆಗಬೇಕು. ಕನಿಷ್ಠ ಏಳು ಜನ ಬೇಕು, ಎಲ್ಲರಿಗೂ ಹದಿನೆಂಟು ತುಂಬಿರಬೇಕು. ಈ ಕೆಲಸ ಸಹಕಾರ ಇಲಾಖೆಗೆ ಸೇರಿರುವುದರಿಂದ ಬಹಳ ಜನ ಇದನ್ನು ಸಹಕಾರ ಸಂಘವೆಂದೇ ತಿಳಿಯುತ್ತಾರೆ. ಊರಿನ ಹಾಲು ಉತ್ಪಾದಕರ ಸಂಘ ನಡೆಯುವುದು 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ. ಅಲ್ಲಿ ಸದಸ್ಯರಿಗೆ ಷೇರು ಇದೆ, ಬೋನಸ್ಸಿದೆ. ನಾವು ಮಾತಾಡುತ್ತಿರುವ ಸಂಘದಲ್ಲಿ ಸದಸ್ಯರಿಗೆ ಒಂದು ಪೈಸೆ ಲಾಭವನ್ನೂ ಹಂಚುವಂತಿಲ್ಲ. ಹಾಲಿನ ಡೇರಿಯಲ್ಲಿ ಪಳಗಿದ ಹಿರಿಯರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿ ಒಪ್ಪಿಸಬೇಕಾಗುತ್ತದೆ.

ಟ್ರಸ್ಟಿನ ದಾರಿ ಬೇರೆ. ಸ್ಥಾಪಕರೊಬ್ಬರು ಒಂದಿಷ್ಟು ಮೂಲ ನಿಧಿಯಿಟ್ಟು ಟ್ರಸ್ಟ್ ಡೀಡ್ ಬರೆಸುತ್ತಾರೆ, ಅದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್ ಮೂಲಕ ಮೊದಲೇ ದಾಖಲೆ ಏರಿಸಿ ಸಮಯ ಪಡೆದು ಹೋಗಬೇಕು. ಇಲ್ಲಿ ಚುನಾವಣೆ, ಮಹಾಸಭೆ ಅನ್ನುವುದಿಲ್ಲ, ತೀರ್ಮಾನವೆಲ್ಲ ಟ್ರಸ್ಟಿಗಳದ್ದು. ಮೂರನೆಯದು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿ. ಇಬ್ಬರು ನಿರ್ದೇಶಕರಿದ್ದರೂ ಸಾಕು, ಎಲ್ಲವೂ ಆನ್‌ಲೈನಿನಲ್ಲೇ ಮುಗಿಯುತ್ತದೆ. ಆದರೆ ವ್ಯವಹಾರ ಇರಲಿ ಇಲ್ಲದಿರಲಿ ಪ್ರತಿ ವರ್ಷ ಆಡಿಟ್ ಕಡ್ಡಾಯ. ವಾರ್ಷಿಕ ಫಾರಂ ಸಲ್ಲಿಸುವುದು ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿಯಂತೆ ತಡಶುಲ್ಕ ಏರುತ್ತಲೇ ಹೋಗುತ್ತದೆ. ಸಂಬಳಕ್ಕೊಬ್ಬ ಲೆಕ್ಕದವರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದ ಹಳ್ಳಿಯ ಗುಂಪಿಗೆ ನಾನಿದನ್ನು ಹೇಳುವುದಿಲ್ಲ.

ಹಾಗಾದರೆ ಯಾವುದು? ಕೆಲಸ ಊರಿನದ್ದಾಗಿದ್ದು, ಊರವರೆಲ್ಲರಿಗೂ ಅದರಲ್ಲಿ ಮಾತಿರಬೇಕು ಅನ್ನುವುದಾದರೆ ಸಂಘ. ಕೆರೆ, ಶಾಲೆ, ಗ್ರಂಥಾಲಯ, ಯುವಕರ ಕ್ರೀಡೆ, ಕನ್ನಡದ ಕೆಲಸ ಎಲ್ಲವೂ ಇದಕ್ಕೆ ಸಲ್ಲುತ್ತವೆ. ಒಂದು ಕುಟುಂಬ ತಂದೆತಾಯಿಯ ನೆನಪಿಗೆ ಬಡ ಮಕ್ಕಳ ಓದಿಗೆಂದು ಹಣವಿಡುತ್ತದೆ, ಆ ಹಣ ಇಟ್ಟ ಉದ್ದೇಶಕ್ಕೇ ಸಲ್ಲಬೇಕು ಅನ್ನುವುದಾದರೆ ಟ್ರಸ್ಟ್. ಬೇಗ ಆಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಊರ ಕೆರೆಗೆ ಐದು ಜನರ ಟ್ರಸ್ಟ್ ಮಾಡಿಕೊಂಡರೆ, ಆರನೆಯವನು "ನಮ್ಮೂರ ಕೆರೆಗೆ ನೀವ್ಯಾರು?" ಎಂದು ಕೇಳುವ ದಿನ ಬರುತ್ತದೆ. ಅವನ ಪ್ರಶ್ನೆ ನ್ಯಾಯವಾದದ್ದೇ.

ಇಲ್ಲೇ ಇನ್ನೊಂದು ಮಾತು. ನೋಂದಣಿಯಾದ ಮಾತ್ರಕ್ಕೆ ಕೆರೆಗೆ ಜೆಸಿಬಿ ಇಳಿಸುವ ಹಕ್ಕು ಬರುವುದಿಲ್ಲ. ಕೆರೆ ಸಣ್ಣ ನೀರಾವರಿ ಇಲಾಖೆಯದೋ ಪಂಚಾಯಿತಿಯದೋ ನೋಡಿಕೊಂಡು ಅನುಮತಿ ಪಡೆಯಬೇಕು. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯನ್ನು ಕೇಳದೆ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ.

ಇನ್ನು ಬೈಲಾ, ಟ್ರಸ್ಟ್ ಡೀಡ್ ವಿಚಾರ. ನನ್ನ ಹೆಚ್ಚಿನ ಸಮಯ ಹೋಗುವುದು ಉದ್ದೇಶಗಳ ಪುಟದ ಮೇಲೆ. ನಕಲು ಮಾಡಿ ತಂದ ಬೈಲಾದಲ್ಲಿ ಮೂವತ್ತು ನಲವತ್ತು ಉದ್ದೇಶಗಳಿರುತ್ತವೆ. ಆಸ್ಪತ್ರೆ, ಗೋಶಾಲೆ, ಎಂಜಿನಿಯರಿಂಗ್ ಕಾಲೇಜು, ಸಾಮೂಹಿಕ ವಿವಾಹ, ಕಂಪ್ಯೂಟರ್ ತರಬೇತಿ. ಇರಲಿ ಬಿಡಿ ಸರ್, ಮುಂದೆ ಬೇಕಾಗಬಹುದು ಅನ್ನುತ್ತಾರೆ. ಆದರೆ ತೆರಿಗೆ ವಿನಾಯಿತಿಗೆ ಅರ್ಜಿ ಹಾಕಿದಾಗ ಇಲಾಖೆ ಉದ್ದೇಶಗಳನ್ನೂ ಮಾಡಿದ ಕೆಲಸವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತದೆ. ಆದಾಯ ತೆರಿಗೆ ಕಾನೂನು ಧರ್ಮಾರ್ಥ ಉದ್ದೇಶವೆಂದು ಗುರುತಿಸಿರುವುದು ಬಡವರ ನೆರವು, ಶಿಕ್ಷಣ, ಯೋಗ, ವೈದ್ಯಕೀಯ ನೆರವು, ನೀರು ಕಾಡು ವನ್ಯಜೀವಿ ಸೇರಿದಂತೆ ಪರಿಸರದ ರಕ್ಷಣೆ, ಚಾರಿತ್ರಿಕ ಮತ್ತು ಕಲಾತ್ಮಕ ಮಹತ್ವದ ಸ್ಮಾರಕಗಳ ರಕ್ಷಣೆ, ಇವು ಬಿಟ್ಟರೆ ಸಾರ್ವಜನಿಕ ಉಪಯೋಗದ ಇತರ ಕೆಲಸಗಳು. ಅರಸೀಕೆರೆಯ ಕೆರೆಗೂ ಬೇಲೂರಿನ ವೀರಗಲ್ಲಿಗೂ ಇಲ್ಲಿ ನೇರವಾಗಿಯೇ ಜಾಗವಿದೆ. ಕೊನೆಯ ಗುಂಪಿನಲ್ಲಿ ಬಂದರೆ ಮಾತ್ರ ಒಂದು ಕಟ್ಟುಪಾಡಿದೆ: ಆ ಉದ್ದೇಶದ ಕೆಲಸ ಮಾಡುತ್ತ ನಡೆಸುವ ವ್ಯಾಪಾರದಿಂದಲೋ ಶುಲ್ಕದಿಂದಲೋ ಬರುವ ಹಣ ವರ್ಷದ ಒಟ್ಟು ಜಮೆಯ ಶೇಕಡಾ 20 ಮೀರಬಾರದು. ಆದ್ದರಿಂದ ನಿಮ್ಮ ಕೆಲಸ ಪರಿಸರದ್ದೋ ಶಿಕ್ಷಣದ್ದೋ ಆಗಿದ್ದರೆ ಹಾಗೆಂದೇ ಸ್ಪಷ್ಟವಾಗಿ ಬರೆಯಿರಿ. ನಾಲ್ಕೈದು ಉದ್ದೇಶ, ಒಂದೊಂದೂ ನಿಮ್ಮ ಬಾಯಿಂದ ಬಂದದ್ದು. ಅಷ್ಟಿದ್ದರೆ ಬೇಕಾದಷ್ಟಾಯಿತು.

ನಮ್ಮ ಜಿಲ್ಲೆಯಲ್ಲಿ ಮರೆಮಾಚದೆ ಮಾತಾಡಲೇಬೇಕಾದ ಇನ್ನೊಂದು ಸಂಗತಿಯಿದೆ. "ನಮ್ಮ ಜನಾಂಗದ ಮಕ್ಕಳಿಗೆ ಹಾಸ್ಟೆಲ್ ಕಟ್ಟಬೇಕು" ಎಂದು ಬರುವವರು ಬಹಳ. ಆಸೆ ತಪ್ಪಲ್ಲ. ಹಳ್ಳಿಯಿಂದ ಪೇಟೆಗೆ ಬಂದ ಎಷ್ಟೋ ಹುಡುಗರು ಓದಿದ್ದೇ ಅಂಥ ಹಾಸ್ಟೆಲುಗಳಿಂದ. ಆದರೆ ಒಂದು ನಿರ್ದಿಷ್ಟ ಧರ್ಮದ ಅಥವಾ ಜಾತಿಯ ಜನರಿಗೆ ಮಾತ್ರ ಎಂದು ಬರೆದರೆ, ಆ ಧರ್ಮಾರ್ಥ ಸಂಸ್ಥೆಗೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ, ದಾನಿಗಳಿಗೆ 80ಜಿ ಲಾಭವೂ, ಅಂದರೆ ಕೊಟ್ಟ ದೇಣಿಗೆಗೆ ಸಿಗುವ ತೆರಿಗೆ ಕಡಿತವೂ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಎಂದು ಬರೆದದ್ದಕ್ಕೆ ಈ ಅಡ್ಡಿ ಬರುವುದಿಲ್ಲ ಎಂದು ಕಾನೂನೇ ಹೇಳುತ್ತದೆ. "ಗ್ರಾಮೀಣ ಬಡ ವಿದ್ಯಾರ್ಥಿಗಳಿಗೆ" ಎಂದು ಬರೆಯೋಣವೇ ಎಂದು ನಾನು ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ಒಪ್ಪುವುದಾದರೆ ಮನಸಾರೆ ಒಪ್ಪಬೇಕು. ಕಾಗದದಲ್ಲಿ ಒಂದು ಬರೆದು ಹಾಸ್ಟೆಲಿನ ಬಾಗಿಲಲ್ಲಿ ಇನ್ನೊಂದು ನಡೆಸುವುದಕ್ಕೆ ನಾನು ಸಹಿ ಹಾಕುವುದಿಲ್ಲ.

ದೇವಸ್ಥಾನದ ಜೀರ್ಣೋದ್ಧಾರವನ್ನೂ ಬಡ ಮಕ್ಕಳ ಓದನ್ನೂ ಒಂದೇ ಬೈಲಾದಲ್ಲಿ ಕಟ್ಟುವುದೂ ಇದೇ ಬಗೆಯ ತೊಡಕು. 80ಜಿ ಇರುವ ಸಂಸ್ಥೆ ಧಾರ್ಮಿಕ ಕೆಲಸಕ್ಕೆ ವರ್ಷದ ಆದಾಯದ ಶೇಕಡಾ 5ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಗುಡಿಗೆ ಬೇರೆ ಸಮಿತಿ ಮಾಡಿಕೊಳ್ಳಿ, ಶಾಲೆಗೆ ಬೇರೆ.

ಇದಾದ ಮೇಲೆ ಅಧಿಕಾರದ ಮಾತು. ಸಂಘದಲ್ಲಿ ಯಾರು ಸದಸ್ಯರಾಗಬಹುದು, ಸೇರಿದ ಎಷ್ಟು ದಿನಕ್ಕೆ ಮತ ಹಾಕಬಹುದು, ಅಧ್ಯಕ್ಷರ ಅವಧಿ ಎಷ್ಟು, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) ಎಷ್ಟು, ಚೆಕ್ಕಿಗೆ ಯಾರ ಯಾರ ಸಹಿ? ಹಳೆಯ ವಿದ್ಯಾರ್ಥಿಗಳ ಸಂಘವೊಂದರಲ್ಲಿ ಶಾಲೆಗೆ ದೊಡ್ಡ ದೇಣಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಚುನಾವಣೆಗೆ ಮುಂಚಿನ ವಾರದಲ್ಲಿ ಸದಸ್ಯರ ಸಂಖ್ಯೆ ಇಮ್ಮಡಿಯಾಯಿತು. ಮತದಾನಕ್ಕೆ ಮುಂಚೆ ಇಂತಿಷ್ಟು ಕಾಲ ಸದಸ್ಯತ್ವ ಇರಬೇಕೆಂಬ ಒಂದು ಸಾಲು ಬೈಲಾದಲ್ಲಿ ಇರಲಿಲ್ಲ. ಕೊನೆಗೆ ದೂರು ನೋಂದಣಾಧಿಕಾರಿಯವರೆಗೆ ಹೋಯಿತು. ಸಂಘಗಳ ನೋಂದಣಿ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ ವಿಚಾರಣೆ ನಡೆಸುವ, 27ಎ ಪ್ರಕಾರ ಆಡಳಿತಾಧಿಕಾರಿಯನ್ನು ನೇಮಿಸುವ ಅವಕಾಶವಿದೆ. ಆದರೆ ಸಂಘವೊಂದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಾಡಬೇಕಾದ ಕೆಲಸ ನಿಂತಿರುತ್ತದೆ, ಜೊತೆಗೆ ಆಡಿ ಬೆಳೆದವರು ಮಾತು ಬಿಟ್ಟಿರುತ್ತಾರೆ. ಆ ಶಾಲೆಯ ವಿಷಯದಲ್ಲಿ ನನಗೆ ಇವತ್ತಿಗೂ ಸಂಕಟವಿದೆ.

ಟ್ರಸ್ಟಿನಲ್ಲಿ ಪ್ರಶ್ನೆ ಬೇರೆಯದು: ಟ್ರಸ್ಟಿ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಆ ಜಾಗಕ್ಕೆ ಯಾರು, ನೇಮಿಸುವವರು ಯಾರು? ಡೀಡಿನಲ್ಲಿ ಮುಂದೆ ಏನನ್ನು ತಿದ್ದಬಹುದು, ಹೇಗೆ? ಇದನ್ನು ಬರೆಯದೆ ಬಿಟ್ಟು, ಉಳಿದ ಟ್ರಸ್ಟಿಗಳಲ್ಲೂ ಒಮ್ಮತವಾಗದಿದ್ದರೆ, ಸಾರ್ವಜನಿಕ ಟ್ರಸ್ಟಿನ ವಿಷಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ನಿನಡಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಎರಡು ಪ್ಯಾರಾ ಬರೆದಿದ್ದರೆ ತಪ್ಪುತ್ತಿದ್ದ ವರ್ಷಗಳ ಅಲೆದಾಟ ಅದು.

ಮುಚ್ಚುವ ದಿನದ ಮಾತನ್ನು ಶುರುವಿನಲ್ಲೇ ಬರೆಯುವುದು ಅಪಶಕುನ ಎಂದು ಮುಖ ಕಿವುಚುವವರಿದ್ದಾರೆ. ಸಂಸ್ಥೆ ಮುಚ್ಚಿದರೆ ಉಳಿದ ಹಣ, ಆಸ್ತಿ ಇದೇ ಉದ್ದೇಶದ ಇನ್ನೊಂದು ನೋಂದಾಯಿತ ಸಂಸ್ಥೆಗೆ ಹೋಗಬೇಕು, ಸದಸ್ಯರ ಕೈಗೆ ಬರಬಾರದು ಎಂಬ ಕಲಮು ಇರಲೇಬೇಕು. ಅದಿಲ್ಲದ ಬೈಲಾ ತೆರಿಗೆ ಅರ್ಜಿಯ ಹಂತದಲ್ಲಿ ಮರಳಿ ಬರುತ್ತದೆ.

ಕಚೇರಿಯ ವಿಳಾಸಕ್ಕೆ ಸೆಸ್ಕ್ ಕರೆಂಟ್ ಬಿಲ್ಲು, ಮನೆ ಮಾಲೀಕರ ಒಪ್ಪಿಗೆ ಪತ್ರ, ಎಲ್ಲರ ಗುರುತಿನ ಚೀಟಿ, ಫೋಟೋ. ಈ ಕಾಗದಪತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೆಸರು ಮಾತ್ರ ಆಗಲೇ ಇರುವ ಸಂಘದ ಹೆಸರನ್ನು ಹೋಲುವಂತಿರಬಾರದು, ಎರಡು ಮೂರು ಹೆಸರು ಯೋಚಿಸಿಕೊಂಡು ಹೋಗಿ.

ನೋಂದಣಿ ಪತ್ರ ಬಂದ ಮೇಲೆ ಸಂಸ್ಥೆಯ ಹೆಸರಲ್ಲೇ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ. ಅಲ್ಲಿಯವರೆಗೆ ಯಾರದೋ ಸ್ವಂತ ಫೋನ್‌ಪೇ ನಂಬರಿಗೆ ದೇಣಿಗೆ ಹಾಕಿಸಿಕೊಳ್ಳಬೇಡಿ. ಎಷ್ಟೇ ಪ್ರಾಮಾಣಿಕರಾದರೂ ಆ ಹಣ ಅವರ ಸ್ವಂತ ಆದಾಯವಲ್ಲವೆಂದು ಮುಂದೆ ಸಾಬೀತು ಮಾಡುವ ಹೊರೆ ಅವರ ತಲೆಗೇ ಬೀಳುತ್ತದೆ.

ತೆರಿಗೆಯ ನೋಂದಣಿಯನ್ನು ಜನ ಈಗಲೂ 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ), 80ಜಿ (ದಾನಿಗಳಿಗೆ ಕಡಿತ) ಎಂದೇ ಕರೆಯುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತಾಗಿದ್ದು, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. ಬಾಯಲ್ಲಿ ರೂಢಿಯಾದ ಹೆಸರುಗಳನ್ನೇ ನಾನಿಲ್ಲಿ ಬಳಸಿದ್ದೇನೆ. ಕೆಲಸ ಇನ್ನೂ ಶುರುವಾಗದ ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಇದನ್ನು ಕೈಗೆ ಸಿಕ್ಕ ಕೂಡಲೇ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿ ಮರೆತುಬಿಡುತ್ತಾರೆ. ಚಟುವಟಿಕೆ ಶುರುವಾದ ಆರು ತಿಂಗಳೊಳಗೆ, ಅಥವಾ ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮುಂಚೆ, ಇವೆರಡರಲ್ಲಿ ಯಾವುದು ಮೊದಲೋ ಆಗ ರೆಗ್ಯುಲರ್ ನೋಂದಣಿಗೆ ಅರ್ಜಿ ಹಾಕಬೇಕು. ಗಡುವು ಮೀರಿದರೆ ವಿನಾಯಿತಿ ಕೈತಪ್ಪುವುದಷ್ಟೇ ಅಲ್ಲ, ಸಂಸ್ಥೆ ಕೂಡಿಟ್ಟ ಆಸ್ತಿಯ ಮೇಲೂ ತೆರಿಗೆ ಬೀಳುವ ಸಂದರ್ಭವಿದೆ.

ವಿನಾಯಿತಿ ಸಿಕ್ಕಿತೆಂದರೆ ಹಣವನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ವರ್ಷದ ಆದಾಯದಲ್ಲಿ ಶೇಕಡಾ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ಕಟ್ಟಡದಂಥ ದೊಡ್ಡ ಕೆಲಸಕ್ಕೆ ಕೂಡಿಡಬೇಕಿದ್ದರೆ ಕಾರಣವನ್ನು ನಮೂದಿಸಿ ಐದು ವರ್ಷದವರೆಗೆ ಇಡಲು ದಾರಿಯಿದೆ. ದಾನಿಗಳಿಗೂ ಸತ್ಯ ಹೇಳಿ. 80ಜಿಯಲ್ಲಿ ಸಾಮಾನ್ಯವಾಗಿ ಕೊಟ್ಟ ಹಣದ ಅರ್ಧದಷ್ಟಕ್ಕೆ ಕಡಿತ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2000 ರೂಪಾಯಿ ಮೀರಿದ ನಗದಿಗೆ ಅದೂ ಇಲ್ಲ. ಸಕಲೇಶಪುರದ ತೋಟದ ಮಾಲೀಕರೊಬ್ಬರಿಂದ ದೊಡ್ಡ ಮೊತ್ತವನ್ನು ನಗದಾಗಿ ತಂದು "ರಸೀದಿ ಆಮೇಲೆ ಕೊಡೋಣ" ಅನ್ನುವವರಿಗೆ ನಾನು ಹೇಳುವುದು, ವಾಪಸ್ ಕೊಟ್ಟು ಚೆಕ್ ತನ್ನಿ ಎಂದು.

ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣದ ಆಸೆಗೇ ಸಂಸ್ಥೆ ಮಾಡಲು ಹೊರಟವರಿಗೆ ನನ್ನ ಸಲಹೆ, ಸದ್ಯಕ್ಕೆ ಬೇಡ. ಅದಕ್ಕೆ 12ಎ, 80ಜಿ ಎರಡೂ ಆಗಿ, ಸಿಎಸ್‌ಆರ್-1 ಫಾರಂ ಸಲ್ಲಿಸಿ, ಮೂರು ವರ್ಷ ಅಂಥ ಕೆಲಸ ಮಾಡಿ ತೋರಿಸಿರಬೇಕು. ವಿದೇಶದ ದೇಣಿಗೆಗಂತೂ 2010ರ ವಿದೇಶಿ ವಂತಿಗೆ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು. ಅಮೆರಿಕದಲ್ಲಿ ನೆಲೆಸಿರುವ ಊರಿನ ಹುಡುಗ ಕಳಿಸುವ ಹಣ ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲಿದೆ. ಭಾರತದ ಪೌರತ್ವ ಉಳಿಸಿಕೊಂಡಿದ್ದರೆ ಅವನ ಸ್ವಂತ ಉಳಿತಾಯದ ಹಣಕ್ಕೆ ಅಡ್ಡಿಯಿಲ್ಲ. ಅಲ್ಲಿನ ಪೌರನಾಗಿದ್ದರೆ ಅದು ವಿದೇಶಿ ದೇಣಿಗೆಯೇ. ತೆಗೆದುಕೊಳ್ಳುವ ಮುಂಚೆ ಕೇಳಿ.

ಸಂಘವಾದರೆ ಪ್ರತಿ ವರ್ಷ ಮಹಾಸಭೆ ನಡೆಸಿ, ಅದಾದ ಹದಿನಾಲ್ಕು ದಿನದೊಳಗೆ ಸಮಿತಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜನ ರಿನೀವಲ್ ಅನ್ನುವುದು ಇದನ್ನೇ. ನಡವಳಿ ಪುಸ್ತಕ, ಕ್ಯಾಶ್ ಬುಕ್, ರಸೀದಿ ಪುಸ್ತಕ, ಓಚರ್ ಫೈಲು ಇವಿಷ್ಟನ್ನು ತಿಂಗಳಿಗೊಮ್ಮೆ ಬರೆದು ಮುಗಿಸುವ ಒಬ್ಬರು ನಿಮ್ಮಲ್ಲಿದ್ದಾರೆಯೇ ಎಂದು ನೋಂದಣಿಗೆ ಮೊದಲೇ ನೋಡಿಕೊಳ್ಳಿ. ನಾನು ಕಂಡಂತೆ ನಿವೃತ್ತ ಮೇಷ್ಟ್ರು, ಅಂಚೆ ಕಚೇರಿಯಲ್ಲಿ ದುಡಿದವರು, ಸ್ತ್ರೀಶಕ್ತಿ ಗುಂಪಿನಲ್ಲಿ ಲೆಕ್ಕ ಬರೆದು ಅಭ್ಯಾಸವಿರುವ ಹೆಣ್ಣುಮಕ್ಕಳು ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಅಂಥವರನ್ನು ಖಜಾಂಚಿ ಮಾಡಿ. ಭಾಷಣ ಮಾಡುವವರಿಗೆ ಬೇರೆ ಸ್ಥಾನಗಳಿವೆ.

ಮತ್ತೊಂದು ವಿಷಯವನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ. ಪ್ಯಾನ್, ತೆರಿಗೆ ಪೋರ್ಟಲ್, ಬ್ಯಾಂಕ್, ನೀತಿ ಆಯೋಗದ ದರ್ಪಣ್ ಪೋರ್ಟಲ್ ಎಲ್ಲಕ್ಕೂ ಒಂದು ಮೊಬೈಲ್ ನಂಬರು, ಒಂದು ಇ-ಮೇಲ್ ಕೇಳುತ್ತಾರೆ. ಆ ಹೊತ್ತಿಗೆ ಎದುರಿಗಿದ್ದ ಕಾರ್ಯದರ್ಶಿಯ ಸ್ವಂತ ನಂಬರು ಕೊಟ್ಟುಬಿಡುತ್ತಾರೆ. ಎರಡು ವರ್ಷಕ್ಕೆ ಅವರು ಬೆಂಗಳೂರು ಸೇರಿರುತ್ತಾರೆ, ಇಲ್ಲವೇ ಸಂಘ ಬಿಟ್ಟಿರುತ್ತಾರೆ. ಗಡುವಿನ ಕೊನೆಯ ದಿನ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಸಂಸ್ಥೆಗೆಂದೇ ಬೇರೆ ಸಿಮ್ ತೆಗೆದುಕೊಳ್ಳಿ, ಇ-ಮೇಲ್ ಬೇರೆ ಮಾಡಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಸಿಮ್ ಯಾರ ಬಳಿ ಇದೆ, ಪದಾಧಿಕಾರಿ ಬದಲಾದಾಗ ಯಾರಿಗೆ ಒಪ್ಪಿಸಬೇಕು ಎಂಬುದನ್ನು ಠರಾವು ಮಾಡಿ ನಡವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.