ಗೋಂದ್ ಕತೀರಾ ಗಿಡ ಟೆರೇಸ್ ಮೇಲೆ ಬೆಳೆಯುತ್ತಾ?

ಬೇಸಿಗೆ ಬಂತೆಂದರೆ ನನ್ನ ಮೇಜಿನ ಮೇಲೆ ಗೋಂದ್ ಕತೀರಾ, ಅಂದರೆ ತಂಪಿಗೆಂದು ನೀರಲ್ಲಿ ನೆನೆಸಿ ಕುಡಿಯುವ ಗಿಡದ ಅಂಟಿನ, ಪೊಟ್ಟಣಗಳು ಬಂದು ಕೂರುತ್ತವೆ. ಗಿಡಮೂಲಿಕೆ ಸರಕು ಅಸಲಿಯೋ ಅಲ್ಲವೋ ಅಂತ ನೋಡುವುದೇ ನನ್ನ ಕೆಲಸ. ಹೋದ ವಾರ ಅತ್ತಿಗೆಯೂ ಒಂದು ಪೊಟ್ಟಣ ಹಿಡಿದುಕೊಂಡು ಬಂದರು. "ಇದರ ಬೀಜ ತರಿಸಿ ಟೆರೇಸ್ ಮೇಲೆ ಹಾಕಿದ್ರೆ ಆಗಲ್ವಾ?"

"ತಡೀರಿ ಅತ್ತಿಗೆ, ಮೊದಲು ಇದು ಯಾವ ಗಿಡದ್ದು ನೋಡೋಣ" ಅಂದೆ.

ಪೊಟ್ಟಣ ಬಿಚ್ಚಿದರೆ ವಿನಿಗರ್‌ನಂಥ ಹುಳಿ ವಾಸನೆ. ಅಲ್ಲೇ ಅನುಮಾನ ಬಂತು. ಚೂರು ಪುಡಿಗೆ ಅಯೋಡಿನ್ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಅಸಲಿ ಕತೀರಾದಲ್ಲಿ ಅಲ್ಲಲ್ಲಿ ಪಿಷ್ಟದ ಕಾಳುಗಳು ನೀಲಿಯಾಗಿ ಕಾಣಬೇಕು, ಇದರಲ್ಲಿ ಒಂದೂ ಇಲ್ಲ. ಇದು ಕರಾಯ ಮರದ್ದೋ ಅರಿಸಿನ ಬೂರುಗದ್ದೋ ಇರಬೇಕು. ನಮ್ಮಲ್ಲಿ ಬಹಳ ಕಾಲದಿಂದ ಇವೆರಡರ ಅಂಟೂ ಕತೀರಾ ಹೆಸರಲ್ಲೇ ಮಾರಾಟವಾಗುತ್ತವೆ. ವಿಷವೇನಲ್ಲ, ಆದರೆ ಸರಕು ಬೇರೆ.

ಅಸಲಿ ಕತೀರಾ, ಅಂದರೆ ಟ್ರಾಗಕಾಂತ್ ಅಂಟು, ಬರುವುದು ಅಸ್ಟ್ರಾಗಲಸ್ ಕುಲದ ಕಾಡುಗಿಡಗಳಿಂದ. ಬಟಾಣಿ, ಹುರುಳಿಯ ನೆಂಟರೇ ಇವು. ಇಂಗ್ಲಿಷಿನವರು ಈ ಕುಲವನ್ನು ಮಿಲ್ಕ್‌ವೆಚ್ ಅಂತಾರೆ, ಮೇಕೆ ತಿಂದರೆ ಹಾಲು ಜಾಸ್ತಿ ಕೊಡುತ್ತದೆ ಅನ್ನೋ ಹಳೇ ನಂಬಿಕೆಯಿಂದ ಬಂದ ಹೆಸರು. ಎಲ್ಲವೂ ಹಾಗಿಲ್ಲ ಬಿಡಿ. ಅಮೆರಿಕದ ಪಶ್ಚಿಮ ಭಾಗದಲ್ಲಿ ಇದೇ ಕುಲದ ಕೆಲವು ಗಿಡ ಮೇದ ಕುದುರೆ, ದನಗಳಿಗೆ ಹುಚ್ಚು ಹಿಡಿದಂತಾಗುತ್ತದೆ. ಹೂ ಬಿಡುವ ಗಿಡಗಳಲ್ಲೇ ಅತಿ ದೊಡ್ಡ ಕುಲ ಇದು, ಸುಮಾರು 3000 ಜಾತಿ. ಹಾಗಾಗಿ ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸಬಾರದು.

ಅಂಟು ಕೊಡುವ ಜಾತಿಗಳ ಊರು ಇರಾನ್, ಟರ್ಕಿ, ಸಿರಿಯಾ ಕಡೆಯ ಒಣ ಬೆಟ್ಟಗಳು. ಮೊಣಕಾಲೆತ್ತರದ ಮುಳ್ಳುಪೊದೆ. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಹನಿ ನೀರಿಲ್ಲ, ಕಾಲಡಿ ಬರೀ ಕಲ್ಲು. ಬೇಸಿಗೆಯಲ್ಲಿ ಬುಡದ ಮಣ್ಣು ಕೆದರಿ, ತಾಯಿಬೇರಿಗೆ ಚಾಕುವಿನಿಂದ ಗಾಯ ಮಾಡುತ್ತಾರೆ. ಬೇರಿನೊಳಗಿನ ತಿರುಳೇ ಅಂಟಾಗಿ ಒತ್ತಡದಲ್ಲಿ ಕೂತಿರುತ್ತದೆ, ಕುಯ್ದ ಕೂಡಲೇ ಒರಳಿನಿಂದ ಶ್ಯಾವಿಗೆ ಬಂದ ಹಾಗೆ ಹೊರಗೆ ಬರುತ್ತದೆ. ಉದ್ದಕ್ಕೆ ಸೀಳಿದರೆ ರಿಬ್ಬನ್ ಥರ, ಚುಚ್ಚಿದರೆ ಹುಳುವಿನ ಥರ. ಕೆಲವು ದಿನ ಒಣಗಲು ಬಿಟ್ಟು ಕಿತ್ತುಕೊಳ್ಳುತ್ತಾರೆ. ಬಿಳಿ ರಿಬ್ಬನ್ನಿಗೆ ಒಳ್ಳೇ ರೇಟು, ಹಳದಿ ಚೂರಿಗೆ ಕಡಿಮೆ.

ಸಿರಪ್ಪು, ಟೂತ್‌ಪೇಸ್ಟು, ಸಾಸು, ಬಟ್ಟೆಗೆ ಬಣ್ಣ ಅಚ್ಚೊತ್ತುವುದು, ಎಲ್ಲಕ್ಕೂ ಮಂದ ಕೊಡಲು ಇದು ಬೇಕಿತ್ತು. 1969ರಲ್ಲಿ ಅಮೆರಿಕ ಬ್ಯಾಕ್ಟೀರಿಯಾದಿಂದ ತಯಾರಿಸುವ ಕ್ಸಾಂಥನ್ ಅಂಟನ್ನು ಆಹಾರಕ್ಕೆ ಒಪ್ಪಿಕೊಂಡಿತು, ಆಮೇಲೆ ಇದರ ಬೇಡಿಕೆ ಇಳಿಯಿತು. ನಿಮ್ಮ ಅಡುಗೆಮನೆಯ ಪ್ಯಾಕೆಟ್ ಹಿಂದೆ ಬರೆದ ಸೇರ್ಪಡೆ ಪದಾರ್ಥಗಳ ಸಂಖ್ಯೆ ನೋಡಿ: 413 ಅಂದರೆ ಟ್ರಾಗಕಾಂತ್, 414 ಜಾಲಿ ಜಾತಿಯ ಅಂಟು, 416 ಕರಾಯ.

ಇನ್ನು ಬೆಳೆಸುವ ಮಾತು. ಬೀಜದ ಸಿಪ್ಪೆ ಗಟ್ಟಿ. ಮರಳುಕಾಗದದಲ್ಲಿ ಸ್ವಲ್ಪ ಉಜ್ಜಿ, ಬೆಚ್ಚಗಿನ ನೀರಲ್ಲಿ ರಾತ್ರಿಯಿಡೀ ನೆನೆಸಬೇಕು. ಬೇರು ಆಳಕ್ಕೆ ಇಳಿಯುವುದರಿಂದ ಕಿತ್ತು ನೆಟ್ಟರೆ ಬದುಕುವುದು ಕಷ್ಟ, ಇರಬೇಕಾದ ಜಾಗದಲ್ಲೇ ಬಿತ್ತಿ. ಬೇರಿನ ಗಂಟುಗಳು ಸಾರಜನಕ ಹಿಡಿಯುತ್ತವೆ, ಗೊಬ್ಬರ ಸುರಿಯುವ ಅಗತ್ಯವಿಲ್ಲ. ಇಷ್ಟೆಲ್ಲ ಮಾಡಿದರೂ ಬೆಂಗಳೂರಿನ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ ಅನ್ನೋದೇ ನನ್ನ ಲೆಕ್ಕ. ಅದರ ಊರಿನಲ್ಲೇ ಬಹುಪಾಲು ಅಂಟು ಕಾಡುಗಿಡದಿಂದಲೇ ಬರೋದು, ಸುಮ್ನೆ ಕುಂಡ ದಂಡ ಮಾಡಬೇಡಿ.

ಕುಡಿಯುವವರು ಮಾತ್ರ ರಾತ್ರಿಯೇ ಧಾರಾಳ ನೀರಲ್ಲಿ ನೆನೆಸಿಡಿ. ಒಂದು ಚಮಚ ಹಾಕಿದರೆ ಬೆಳಿಗ್ಗೆ ಲೋಟ ತುಂಬಿರುತ್ತದೆ. ಒಣಪುಡಿ ಬಾಯಿಗೆ ಹಾಕಿಕೊಂಡರೆ ಆ ಉಬ್ಬರ ಗಂಟಲಲ್ಲೇ ಆಗಬಹುದು, ಹಾಗೆ ಮಾಡಲೇಬೇಡಿ.

ಅತ್ತಿಗೆ ಪೊಟ್ಟಣ ಮಡಚಿಟ್ಟುಕೊಂಡು ಕೇಳಿದರು, "ಹೋಗ್ಲಿ, ಬಾಣಂತಿಗೆ ಅಂಟಿನುಂಡೆ ಕಟ್ಟೋಕಾದ್ರೂ ಆಗುತ್ತಾ?"

ಆಗಲ್ಲ. ತುಪ್ಪದಲ್ಲಿ ಅರಳುವುದು ಜಾಲಿ ಅಂಟು. ಇದನ್ನು ಹಾಕಿದರೆ ಉಂಡೆಯಲ್ಲಿ ಕಲ್ಲು ಕಡಿದ ಹಾಗಿರುತ್ತದೆ.